ರೇಂಜ್‌ಫೈಂಡರ್ ಕ್ಯಾಮರಾದ ಆಯ್ಕೆ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಕ್ಯಾಮರಾ ಎಂಬುದು ನೋಟಕ್ಕೆ ಸಂಬಂಧಪಟ್ಟ ಸಾಧನವೇ ಆಗಿದ್ದರೂ ಅದನ್ನು ಊಟದ ಪಂಕ್ತಿಯಲ್ಲಿ ಸೇರಿಸುವುದೇ ಉಚಿತವೆಂದು ನನಗೆ ತೋರುತ್ತದೆ. ಪರರು ಮೆಚ್ಚಿದ ಕ್ಯಾಮರಾ ನಮ್ಮ ಕೈಗೆ ಒಗ್ಗದಿರಬಹುದು. ನಮಗೆ ಹಿಡಿಸಿದ್ದು ಪರರಿಗೆ ಕ್ಷುಲ್ಲಕವಾಗಿ ಕಾಣಬಹುದು. ಆದರೆ ಇಚ್ಛೆ ಎಂದ ಮಾತ್ರಕ್ಕೆ ಅದು ಕಾರಣವಿಲ್ಲದ ಚಾಪಲ್ಯವಾಗಬೇಕೆಂದಿಲ್ಲ. ಉಣ್ಣುವವನು ತನ್ನ ಜಠರದ ಶಕ್ತಿಯನ್ನೂ, ಋತುವನ್ನೂ, ಆ ದಿನದ ಕೆಲಸವನ್ನೂ ನೋಡಿ ಊಟವನ್ನು ಆರಿಸಿಕೊಳ್ಳುವಂತೆ, ಚಿತ್ರ ತೆಗೆಯುವವನು ತನ್ನ ಕಣ್ಣನ್ನೂ, ತಾನು ಹೋಗತಕ್ಕ ಸ್ಥಳದ ಬೆಳಕನ್ನೂ, ತಾನು ತೆಗೆಯಬೇಕೆಂದಿರುವ ಚಿತ್ರವನ್ನೂ ನೋಡಿ ಕ್ಯಾಮರಾವನ್ನು ಆರಿಸಿಕೊಳ್ಳಬೇಕು. ಫಿಲ್ಮನ್ನು ಉಪಯೋಗಿಸುವ ಹಳೆಯ ರೇಂಜ್‌ಫೈಂಡರ್ ಕ್ಯಾಮರಾಗಳ ವಿಷಯದಲ್ಲಿ ಈ ಆಯ್ಕೆಯನ್ನು ಹೇಗೆ ಮಾಡಬಹುದೆಂಬುದೇ ಈ ಹೊತ್ತಿನ ವಿಚಾರ.

ಆಯ್ಕೆಯ ಮಾತನ್ನು ಗಾಳಿಯಲ್ಲಿ ಆಡಿ ಫಲವಿಲ್ಲ. ಆದುದರಿಂದ ಒಂದು ನಿಶ್ಚಿತವಾದ ಪ್ರದೇಶವನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎಂಬ ನಾಲ್ಕು ಸೀಮೆಗಳನ್ನು ತೆಗೆದುಕೊಳ್ಳಿರಿ. ಉತ್ತರದಲ್ಲಿ ಭೀಮೆ, ದಕ್ಷಿಣದಲ್ಲಿ ಕೃಷ್ಣೆ, ನಡುವೆ ಡೋಣಿ. ಕಣ್ಣು ಹರಿಯುವಷ್ಟು ದೂರ ಎರೆಹೊಲ, ಬಿಳಿಜೋಳ, ಇಂಡಿಯ ಕಡೆಗೆ ನಿಂಬೆಯ ತೋಟಗಳು. ನಗರಗಳಲ್ಲಿ ನೆಲಸಿರುವ ಎಷ್ಟೋ ಮನೆತನಗಳ ಬೇರು ಈ ಹಳ್ಳಿಗಳಲ್ಲಿದೆ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಹೋದಾಗ ಹಿರಿಯರ ಮುಖವನ್ನೂ ಹಳೆಯ ಮನೆಯನ್ನೂ ಫಿಲ್ಮಿನ ಮೇಲೆ ಉಳಿಸಿಕೊಳ್ಳಬೇಕೆಂದು ಒಬ್ಬರು ಬಯಸಿದ್ದಾರೆಂದು ಭಾವಿಸೋಣ. ಅವರು ಯಾವ ಕ್ಯಾಮರಾವನ್ನು ಕೊಳ್ಳಬೇಕು?

ಈ ಪ್ರಶ್ನೆ ಕೇವಲ ವಿನೋದದ್ದಲ್ಲ. ಹಳೆಯ ಬಸವನಬಾಗೇವಾಡಿ ತಾಲ್ಲೂಕಿನ ಎಲ್ಲೆಯೊಳಗಿನ ಆಲಮಟ್ಟಿಯಲ್ಲಿ 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಅಲ್ಲಿ ನೀರನ್ನು 519.60 ಮೀಟರ್ ಮಟ್ಟದವರೆಗೆ ನಿಲ್ಲಿಸಲಾಗುತ್ತದೆ. ಗಡಿಗೆಮೊಸರಿಗೆ ಹೆಸರಾದ ಕೊಲ್ಹಾರದ ಹಳೆಯ ಊರೂ, ಕೃಷ್ಣೆಯ ದಡದ ಬೇರೆ ಅನೇಕ ಗ್ರಾಮಗಳೂ ಹಿನ್ನೀರಿನ ಪಾಲಾದುವು. ಜನರು ಹೊಸ ಊರುಗಳನ್ನು ಕಟ್ಟಿಕೊಂಡರು. 2010ರ ಡಿಸೆಂಬರಿನಲ್ಲಿ ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಾಧಿಕರಣವು ಈ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅನುಮತಿಯನ್ನಿತ್ತಿತು. ನೀರು ತಂದಿರುವ ಉಪಕಾರವನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಮುಳುಗಿದ ಓಣಿಯ ಚಿತ್ರವನ್ನು ಮುಳುಗಿದ ಮೇಲೆ ತೆಗೆಯುವುದು ಸಾಧ್ಯವಿಲ್ಲ. ಅಗಲಿದ ಅಜ್ಜನ ಮುಖದ ವಿಷಯವೂ ಹಾಗೆಯೇ. ಈ ಸೀಮೆಯ ಹಳೆಯ ಛಾಯಾಚಿತ್ರಗಳಿಗೇನೂ ಕೊರತೆಯಿಲ್ಲ. 1866ರಷ್ಟು ಹಿಂದೆಯೇ ವಿಜಾಪುರದ ವಾಸ್ತುಶಿಲ್ಪವನ್ನು ಕುರಿತು ಛಾಯಾಚಿತ್ರಗಳ ದೊಡ್ಡದೊಂದು ಗ್ರಂಥ ಲಂಡನ್ನಿನಲ್ಲಿ ಪ್ರಕಟವಾಯಿತು. ಆದರೆ ಮುಕ್ಕಾಲಿಯ ಮೇಲೆ ನಿಲ್ಲಿಸಿದ ಆ ದೊಡ್ಡ ಕ್ಯಾಮರಾಗಳು ಗುಮ್ಮಟಗಳನ್ನೂ ಮಹಲುಗಳನ್ನೂ ನೋಡಿದುವಲ್ಲದೆ, ಒಕ್ಕಲಿಗನ ಅಂಗಳವನ್ನು ನೋಡಲಿಲ್ಲ. ಅಂಗಳಕ್ಕೆ ಹೋಗಲು ಕೈಯಲ್ಲಿ ಹಿಡಿಯತಕ್ಕ ಸಣ್ಣ ಕ್ಯಾಮರಾ ಬೇಕಾಯಿತು.

ಆ ಸಣ್ಣ ಕ್ಯಾಮರಾದ ಕಥೆ ಜರ್ಮನಿಯ ವೆಟ್ಸ್ಲಾರ್ ಎಂಬ ಪಟ್ಟಣದಲ್ಲಿ ಮೊದಲಾಗುತ್ತದೆ. ಅಲ್ಲಿನ ಲೈಟ್ಸ್ ಕಾರ್ಖಾನೆಯ ಆಸ್ಕರ್ ಬಾರ್ನಾಕ್ ಎಂಬ ಕುಶಲಿಯು ಚಲನಚಿತ್ರದ 35 ಮಿಲಿಮೀಟರ್ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಚಲನಚಿತ್ರದ ಚೌಕಟ್ಟಿನ ಇಮ್ಮಡಿಯಾದ 24ಕ್ಕೆ 36 ಮಿಲಿಮೀಟರ್ ಅಳತೆಯ ಚಿತ್ರವನ್ನು ತೆಗೆಯುವ ಯಂತ್ರವನ್ನು ರಚಿಸಿದನು. ಅದು 1925ರಲ್ಲಿ ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಮೊದಲಿನ ಲೈಕಾದಲ್ಲಿ ದೂರವನ್ನು ಊಹಿಸಿಯೋ ಬೇರೊಂದು ಉಪಕರಣದಿಂದ ಅಳೆದೋ ಮಸೂರವನ್ನು ತಿರುಗಿಸಬೇಕಾಗಿತ್ತು. 1932ರಲ್ಲಿ ಬಂದ ಎರಡನೆಯ ಲೈಕಾದಲ್ಲಿಯೂ, ಅದೇ ವರ್ಷದ ಕಾಂಟಾಕ್ಸ್‌ನಲ್ಲಿಯೂ ದೂರಮಾಪಕವು ಮಸೂರದೊಡನೆ ಜೋಡಣೆಯಾಯಿತು. ಇದೇ ರೇಂಜ್‌ಫೈಂಡರ್ ಕ್ಯಾಮರಾ.

ಇದರ ತತ್ತ್ವ ಬಹು ಸರಳವಾದುದು. ಒಂದು ಕಣ್ಣನ್ನು ಮುಚ್ಚಿಕೊಂಡು ಸೂಜಿಗೆ ದಾರವನ್ನು ಪೋಣಿಸಲು ಪ್ರಯತ್ನಿಸಿ ನೋಡಿರಿ, ಕಷ್ಟವಾಗುತ್ತದೆ. ಎರಡು ಕಣ್ಣುಗಳ ನಡುವಣ ಅಂತರವೇ ನಮಗೆ ದೂರದ ಅರಿವನ್ನು ಕೊಡುತ್ತದೆ. ಕ್ಯಾಮರಾದ ಮುಂಭಾಗದಲ್ಲಿಯೂ ಹೀಗೆಯೇ ಎರಡು ಕಿಂಡಿಗಳಿರುತ್ತವೆ. ಒಂದರಿಂದ ನಾವು ನೇರವಾಗಿ ನೋಡುತ್ತೇವೆ. ಇನ್ನೊಂದರಿಂದ ಬಂದ ಬಿಂಬವು ತಿರುಗುವ ಕನ್ನಡಿಯೊಂದರ ಮೂಲಕ ಬಂದು ಮೊದಲನೆಯದರ ಮೇಲೆ ಬೀಳುತ್ತದೆ. ಮಸೂರವನ್ನು ತಿರುಗಿಸಿದಂತೆ ಕನ್ನಡಿಯೂ ತಿರುಗಿ, ಎರಡು ಬಿಂಬಗಳು ಒಂದರಲ್ಲೊಂದು ಕೂಡಿದಾಗ ಮಸೂರವು ಸರಿಯಾದ ದೂರಕ್ಕೆ ನಿಂತಿತೆಂದು ತಿಳಿಯಬೇಕು. ಭೂಮಾಪಕರು ಒಂದು ಆಧಾರರೇಖೆಯ ಎರಡು ತುದಿಗಳಿಂದ ದೂರದ ಬೆಟ್ಟವನ್ನು ಅಳೆಯುವ ತ್ರಿಕೋಣದ ಲೆಕ್ಕವೇ ಇದು. ಕಿಂಡಿಗಳ ನಡುವಣ ಅಂತರವನ್ನು ನೋಟಕಿಂಡಿಯ ವರ್ಧನದಿಂದ ಗುಣಿಸಿದರೆ ದೊರೆಯುವ ಸಂಖ್ಯೆ ದೊಡ್ಡದಾದಷ್ಟೂ ಮಾಪಕವು ಸೂಕ್ಷ್ಮವಾಗಿರುತ್ತದೆ.

ಇನ್ನು ಕನ್ನಡಿಯನ್ನು ಮೇಲಕ್ಕೆತ್ತಿ ಚಿತ್ರ ತೆಗೆಯುವ ಎಸ್‌ಎಲ್‌ಆರ್ ಕ್ಯಾಮರಾಗಳಿರಲು ಇದೇಕೆ ಎಂದು ಕೇಳಬಹುದು. 1959ರಲ್ಲಿ ನಿಕಾನ್ ಎಫ್ ಬಂದ ಮೇಲೆ ವೃತ್ತಿಯವರಲ್ಲಿ ಬಹುಮಂದಿ ಆ ಕಡೆಗೇ ತಿರುಗಿದರೆಂಬುದು ನಿಜ. ದೂರದ ಹಕ್ಕಿಯನ್ನು ತೆಗೆಯುವುದಕ್ಕೂ ನಿಂಬೆಯ ಹೂವನ್ನು ಹತ್ತಿರದಿಂದ ತೆಗೆಯುವುದಕ್ಕೂ ರೇಂಜ್‌ಫೈಂಡರ್ ಸಲ್ಲದು. ಅದು ಸಾಮಾನ್ಯವಾಗಿ 70 ಸೆಂಟಿಮೀಟರಿಗಿಂತಲೋ ಒಂದು ಮೀಟರಿಗಿಂತಲೋ ಹತ್ತಿರದ ವಸ್ತುವನ್ನು ಗ್ರಹಿಸಲಾರದು. ಆದರೆ ಮನುಷ್ಯರ ನಡುವೆ ಇದ್ದುಕೊಂಡು ಚಿತ್ರ ತೆಗೆಯುವುದಕ್ಕೆ ಇದರಷ್ಟು ಸೌಮ್ಯವಾದ ಸಾಧನ ಮತ್ತೊಂದಿಲ್ಲ. ಎದ್ದು ಬೀಳುವ ಕನ್ನಡಿಯಿಲ್ಲವಾದುದರಿಂದ ಶಬ್ದ ಕಡಮೆ, ಅದುರುವಿಕೆಯೂ ಕಡಮೆ. ಕೈಯಲ್ಲಿ ಹಿಡಿದೇ ಸೆಕೆಂಡಿನ 30ನೆಯ ಒಂದು ಭಾಗದ ವೇಗದಲ್ಲಿ ಮಬ್ಬುಬೆಳಕಿನ ಚಿತ್ರವನ್ನು ತೆಗೆಯಬಹುದು. ಚಿತ್ರದ ಚೌಕಟ್ಟಿನ ಹೊರಗಿನಿಂದ ಯಾರು ಒಳಗೆ ಬರುತ್ತಿದ್ದಾರೆಂಬುದೂ ಕಾಣುತ್ತಿರುತ್ತದೆ. ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸೋನ್ ಲೈಕಾವನ್ನೂ 50 ಮಿಲಿಮೀಟರ್ ಮಸೂರವನ್ನೂ ಜೀವಮಾನವೆಲ್ಲ ನೆಚ್ಚಿಕೊಂಡಿದ್ದನು. 1948ರ ಜನವರಿ 30ರಂದು, ಮಹಾತ್ಮರ ಅಂತ್ಯಕ್ಕೆ ಕೆಲವೇ ಗಳಿಗೆಗಳ ಮುಂಚೆ ಅವರನ್ನು ಕಂಡು ಚಿತ್ರ ತೆಗೆದವನೂ ಅವನೇ. ಎದುರಿನವರ ಗಮನ ಕ್ಯಾಮರಾದ ಕಡೆಗೆ ಹೋಗಬಾರದೆಂದು ಅವನು ಅದರ ಹೊಳೆಯುವ ಭಾಗಗಳಿಗೆ ಕಪ್ಪು ಪಟ್ಟಿಯನ್ನು ಅಂಟಿಸುತ್ತಿದ್ದನು.

ಈಗ ಆಯ್ಕೆಗೆ ಬರೋಣ. ಮೊದಲನೆಯ ಪ್ರಶ್ನೆ: ನೀವು ಎಷ್ಟು ದೂರದಲ್ಲಿ ನಿಲ್ಲುವ ಸ್ವಭಾವದವರು? ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ಒಕ್ಕಲುಮಕ್ಕಳು ಮನೆಮಂದಿಯೆಲ್ಲ ಸೇರಿ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಎದೆಯೆತ್ತರದ ಜೋಳದ ನಡುವೆ ಬಂಡಿ, ಎತ್ತು, ಬುತ್ತಿ ಬಿಚ್ಚಿ ಕುಳಿತ ಹತ್ತಾರು ಜನ, ಇವರೆಲ್ಲರನ್ನೂ ಹತ್ತಿರದಲ್ಲಿಯೇ ನಿಂತು ಒಂದು ಚಿತ್ರದಲ್ಲಿ ಸೇರಿಸಬೇಕೆನ್ನುವವರಿಗೆ 35 ಮಿಲಿಮೀಟರಿನ ಅಗಲನೋಟದ ಮಸೂರವೇ ಬೇಕು. ಕಟ್ಟೆಯ ಮೇಲೆ ಕುಳಿತ ಒಬ್ಬ ಹಿರಿಯರನ್ನು ಅವರ ರುಮಾಲು, ಕೋಲುಗಳೊಡನೆ ಚಿತ್ರಿಸಬೇಕೆನ್ನುವವರಿಗೆ 50 ಮಿಲಿಮೀಟರ್ ತಕ್ಕುದು. ಕಾರಹುಣ್ಣಿಮೆಯಲ್ಲಿ ಕರಿ ಹರಿಯುವ ಎತ್ತುಗಳನ್ನು ತೆಗೆಯುವವರು ದೂರ ನಿಲ್ಲುವುದೇ ಕ್ಷೇಮ. ಅವರಿಗೆ 90 ಮಿಲಿಮೀಟರ್ ಬೇಕಾದೀತು. 1954ರ ಲೈಕಾ ಎಂ3ರ ನೋಟಕಿಂಡಿಯಲ್ಲಿ 50, 90, 135 ಮಿಲಿಮೀಟರುಗಳ ಚೌಕಟ್ಟುಗಳಿವೆ, 35ರದು ಇಲ್ಲ. ಕೆಲವು ವರ್ಷಗಳ ಅನಂತರ ಬಂದ ಎಂ2ರಲ್ಲಿ 35, 50, 90 ಇವೆ. ಹೀಗೆ ಮಸೂರವನ್ನು ಮೊದಲು ನಿಶ್ಚಯಿಸಿದರೆ ಕ್ಯಾಮರಾದ ಆಯ್ಕೆ ಅರ್ಧ ಮುಗಿದಂತೆಯೇ.

ಎರಡನೆಯದು ಕಣ್ಣಿನ ಪ್ರಶ್ನೆ. ಎಂ3ರ ನೋಟಕಿಂಡಿಯ ವರ್ಧನ 0.91; ಎಂದರೆ ವಸ್ತುವು ಹೆಚ್ಚುಕಡಮೆ ಇದ್ದ ಗಾತ್ರದಲ್ಲಿಯೇ ಕಾಣುತ್ತದೆ. ಕಿಂಡಿಗಳ ಅಂತರ 68.5 ಮಿಲಿಮೀಟರಾದುದರಿಂದ ಗುಣಿಸಿದರೆ 62 ದೊರೆಯುತ್ತದೆ. ಎಂ2ರ ವರ್ಧನ 0.72, ಗುಣಲಬ್ಧ ಸುಮಾರು 49. ಸೂಕ್ಷ್ಮತೆಯಲ್ಲಿ ಎಂ3 ಮೇಲು, ಕನ್ನಡಕದವರಿಗೆ ಚೌಕಟ್ಟಿನ ಮೂಲೆಗಳು ಒಮ್ಮೆಲೇ ಕಾಣುವುದರಲ್ಲಿ ಎಂ2 ಮೇಲು. 1959ರ ಕ್ಯಾನನ್ ಪಿ ಎಂಬ ಜಪಾನಿನ ಕ್ಯಾಮರಾದಲ್ಲಿ ವಸ್ತುವು ಸರಿಯಾಗಿ ಇದ್ದ ಗಾತ್ರದಲ್ಲಿಯೇ ಕಾಣುತ್ತದೆ. ಬಲಗಣ್ಣಿನಿಂದ ನೋಡುವವರು ಎರಡು ಕಣ್ಣುಗಳನ್ನೂ ತೆರೆದುಕೊಂಡೇ ಚಿತ್ರ ತೆಗೆಯಬಹುದು. ಅದರ ಗುಣಲಬ್ಧ ಸುಮಾರು 41 ಮಾತ್ರ. ಆದರೂ 50 ಮಿಲಿಮೀಟರ್ ಮಸೂರಕ್ಕೆ ಅಷ್ಟು ಸಾಕು. ಹಳೆಯ ತಿರುಪಿನ ಲೈಕಾಗಳಲ್ಲಿ ದೂರವನ್ನು ಒಂದು ಕಿಂಡಿಯಲ್ಲಿ ನೋಡಿ, ಚೌಕಟ್ಟನ್ನು ಪಕ್ಕದ ಇನ್ನೊಂದರಲ್ಲಿ ನೋಡಬೇಕು. ಅವುಗಳ ಸೊಬಗಿಗೆ ಮರುಳಾಗುವವರು ಈ ತೊಡಕನ್ನೂ ಎಣಿಸಬೇಕು.

ಮೂರನೆಯದು ಬೆಳಕಿನ ಮಾಪಕದ ಮತ್ತು ಬ್ಯಾಟರಿಯ ಪ್ರಶ್ನೆ. 1966ರ ಯಾಶಿಕಾ ಎಲೆಕ್ಟ್ರೋ 35 ಮತ್ತು 1972ರ ಕ್ಯಾನೊನೆಟ್ ಕ್ಯೂಎಲ್17 ಜಿ3 ಎಂಬ ಎರಡು ಕ್ಯಾಮರಾಗಳು ಬೆಲೆಯಲ್ಲಿ ಲೈಕಾಕ್ಕಿಂತ ಬಹಳ ಕೆಳಗಿದ್ದು, ಮಸೂರದಲ್ಲಿ ಮಾತ್ರ ಉತ್ತಮವಾದುವು. ಎರಡರಲ್ಲಿಯೂ ಮಸೂರವನ್ನು ಬದಲಾಯಿಸುವಂತಿಲ್ಲ. ಮೊದಲನೆಯದಕ್ಕೆ 45, ಎರಡನೆಯದಕ್ಕೆ 40 ಮಿಲಿಮೀಟರ್. ಇವು ಬೆಳಕನ್ನು ತಾವೇ ಅಳೆಯುತ್ತವೆ. ಆದರೆ ಇವಕ್ಕೆಂದು ಮಾಡಿದ್ದ ಪಾದರಸದ ಬ್ಯಾಟರಿಗಳು ಈಗ ತಯಾರಾಗುವುದಿಲ್ಲ. ಬದಲಿ ಬ್ಯಾಟರಿಯನ್ನು ಹೊಂದಿಸಿಕೊಳ್ಳಬೇಕು. ಬ್ಯಾಟರಿ ತೀರಿಹೋದರೆ ಯಾಶಿಕಾ ಒಂದೇ ವೇಗದಲ್ಲಿ, ಎಂದರೆ ಸೆಕೆಂಡಿನ 500ನೆಯ ಒಂದು ಭಾಗದಲ್ಲಿ, ಕೆಲಸ ಮಾಡುತ್ತದೆ. ಕ್ಯಾನೊನೆಟ್‌ನಲ್ಲಿ ಮಾತ್ರ ಎಲ್ಲ ವೇಗಗಳನ್ನೂ ಕೈಯಿಂದಲೇ ಇಟ್ಟುಕೊಳ್ಳಬಹುದು. ಹಳ್ಳಿಯ ಸಂತೆಯಲ್ಲಿ ಇಂಥ ಬ್ಯಾಟರಿ ಸಿಕ್ಕದೆಂಬುದನ್ನು ನೆನೆದರೆ ಈ ಎರಡರಲ್ಲಿ ಕ್ಯಾನೊನೆಟ್ಟಿಗೆ ನನ್ನ ಮತ.

ವಾಸ್ತವವಾಗಿ ಈ ಸೀಮೆಯ ಬಯಲಿನಲ್ಲಿ ಮಾಪಕದ ಅವಶ್ಯಕತೆಯೇ ವಿರಳ. ಮೋಡವಿಲ್ಲದ ಬಿಸಿಲಿನಲ್ಲಿ ಮಸೂರದ ದ್ವಾರವನ್ನು 16ಕ್ಕೆ ಇಟ್ಟು, ಫಿಲ್ಮಿನ ಐಎಸ್‌ಒ ಸಂಖ್ಯೆಗೆ ಹತ್ತಿರವಾದ ವೇಗವನ್ನು ಇಟ್ಟರೆ ಚಿತ್ರ ಸರಿಯಾಗಿಯೇ ಬರುತ್ತದೆ: 100ರ ಫಿಲ್ಮಿಗೆ 125ನೆಯ ಒಂದು ಭಾಗ, 400ರ ಫಿಲ್ಮಿಗೆ 500ನೆಯ ಒಂದು ಭಾಗ. ಹಳೆಯ ಮಾಳಿಗೆಮನೆಯ ಪಡಸಾಲೆಯಲ್ಲಿ, ಬೆಳಕಿಂಡಿಯಿಂದ ಇಳಿಯುವ ಬೆಳಕಿನಲ್ಲಿ, 400ರ ಫಿಲ್ಮು, 2ರ ದ್ವಾರ, 30ನೆಯ ಒಂದು ಭಾಗ ಎಂಬುದನ್ನು ಮೊದಲ ಅಂದಾಜಾಗಿ ಇಟ್ಟುಕೊಳ್ಳಬಹುದು.

ನಾಲ್ಕನೆಯದನ್ನು ನಗರದ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅದು ಬಿಸಿಲಿನ ಮಾತು. ಲೈಕಾದ ಷಟರು ರಬ್ಬರು ಲೇಪಿಸಿದ ಬಟ್ಟೆಯ ಪರದೆ. ಕನ್ನಡಿಯ ಅಡ್ಡವಿಲ್ಲದಿರುವುದರಿಂದ, ಮುಚ್ಚಳವಿಲ್ಲದ ಮಸೂರವು ಸೂರ್ಯನಿಗೆ ಎದುರಾಗಿ ನಿಂತರೆ, ಭೂತಕನ್ನಡಿಯಿಂದ ಅರಳೆಯನ್ನು ಸುಟ್ಟಂತೆ ಪರದೆಗೆ ತೂತು ಬೀಳುವುದುಂಟು. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ಮೀರುವ ಈ ಬಯಲಿನಲ್ಲಿ ಅದು ದೂರದ ಭಯವಲ್ಲ. ಕ್ಯಾನನ್ ಪಿ ಕ್ಯಾಮರಾದ ಪರದೆ ತೆಳುವಾದ ಉಕ್ಕಿನದು. ಬೆರಳು ತಗಲಿ ಅದರಲ್ಲಿ ಸುಕ್ಕುಗಳು ಬಿದ್ದಿರುವುದು ಸಾಮಾನ್ಯವಾದರೂ ಕೆಲಸಕ್ಕೆ ಅಷ್ಟಾಗಿ ಅಡ್ಡಿಯಿಲ್ಲ, ಬಿಸಿಲಿಗೆ ಸುಡುವ ಅಂಜಿಕೆಯೂ ಬಹು ಕಡಮೆ. ಯಾಶಿಕಾ, ಕ್ಯಾನೊನೆಟ್‌ಗಳ ಷಟರು ಮಸೂರದೊಳಗಿನ ಲೋಹದ ದಳಗಳು. ಇನ್ನು ಎರೆಮಣ್ಣಿನ ಧೂಳು. ಅದು ಮಸೂರದ ಮರೆಗಳಲ್ಲಿ ಸೇರದಂತೆ ಫಿಲ್ಮನ್ನು ನೆರಳಿನಲ್ಲಿ, ಗಾಳಿಗೆ ಬೆನ್ನುಮಾಡಿ ಬದಲಾಯಿಸಬೇಕು. ಮಲೆನಾಡಿನಲ್ಲಿ ಮಸೂರಗಳನ್ನು ಕಾಡುವ ಬೂಷ್ಟಿನ ಪೀಡೆ ಈ ಒಣಸೀಮೆಯಲ್ಲಿ ಕಡಮೆಯೆಂಬುದು ಸಮಾಧಾನದ ಸಂಗತಿ.

ಈ ಕ್ಯಾಮರಾಗಳಲ್ಲಿ ಬಹುತೇಕ ಎಲ್ಲವೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರತಕ್ಕವು. ಹೀಗಿರುವುದರಿಂದ ಕೊಳ್ಳುವಾಗಿನ ಪರೀಕ್ಷೆಯೇ ಮುಖ್ಯ. ಸಂಕ್ರಾಂತಿಯ ಕಾಲಕ್ಕೆ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಹೋಗುವ ರೈತನು ಎತ್ತಿನ ಕೊಂಬಿಗೆ ಹಚ್ಚಿದ ಬಣ್ಣವನ್ನು ನೋಡಿ ಹಣ ಬಿಚ್ಚುವುದಿಲ್ಲ. ಹಲ್ಲು ಹಿಡಿದು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಕ್ಯಾಮರಾಕ್ಕೂ ಅದೇ ನ್ಯಾಯ. ಹಿಂಬದಿಯನ್ನು ತೆರೆದು, ಒಂದು ಸೆಕೆಂಡಿನ ವೇಗದಿಂದ ಮೊದಲುಮಾಡಿ ಎಲ್ಲ ವೇಗಗಳನ್ನೂ ಓಡಿಸಿರಿ. ಎಣ್ಣೆ ಆರಿದ ಯಂತ್ರವು ನಿಧಾನದ ವೇಗಗಳಲ್ಲಿಯೇ ತಡವರಿಸುತ್ತದೆ. ಪರದೆಯನ್ನು ದೀಪಕ್ಕೆ ಎದುರು ಹಿಡಿದು ಸೂಜಿಮೊನೆಯಷ್ಟು ಬೆಳಕಾದರೂ ಕಾಣುವುದೋ ಎಂದು ನೋಡಿರಿ. ದೂರದ ಗೋಪುರವನ್ನೋ ಕಂಬವನ್ನೋ ನೋಡುತ್ತ ಮಸೂರವನ್ನು ಕೊನೆಯವರೆಗೆ ತಿರುಗಿಸಿದಾಗ ಎರಡು ಬಿಂಬಗಳು ಸರಿಯಾಗಿ ಕೂಡಬೇಕು, ಮೇಲುಕೆಳಗಾಗಿಯೂ ತಪ್ಪಿರಬಾರದು. ಮಸೂರದ ಮೂಲಕ ಸಣ್ಣ ಬ್ಯಾಟರಿ ದೀಪವನ್ನು ಹಾಯಿಸಿದರೆ ಒಳಗಿನ ಮಂಜೂ ಗೀರೂ ತೋರುತ್ತವೆ. ಜಪಾನಿನ ಅಗ್ಗದ ಕ್ಯಾಮರಾಗಳ ಹಿಂಬದಿಯ ಸ್ಪಂಜು ಕಾಲಕ್ರಮದಲ್ಲಿ ಕರಗಿ ಡಾಂಬರಿನಂತಾಗಿರುತ್ತದೆ; ಅದನ್ನು ಬದಲಾಯಿಸುವುದು ಮನೆಯಲ್ಲಿಯೇ ಆಗುವ ಕೆಲಸ. ರಷ್ಯದ ಜೋರ್ಕಿ, ಉಕ್ರೇನಿನ ಫೆಡ್, ಕೀಯೆವ್ ಮೊದಲಾದುವು ಅಗ್ಗದಲ್ಲಿ ದೊರೆಯುತ್ತವೆ; ಅವುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಗುಣದಲ್ಲಿ ಬಹಳ ಅಂತರವಿರುವುದರಿಂದ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಕೂಡದು.

ಕ್ಯಾಮರಾವನ್ನು ಕೊಂಡ ಮೇಲೆ ಫಿಲ್ಮಿನ ವೆಚ್ಚವಿದೆ. ಒಂದು ಸುರುಳಿಗೆ 36 ಚಿತ್ರಗಳು ಮಾತ್ರ. ಇರುವ ಹಣವನ್ನೆಲ್ಲ ಯಂತ್ರಕ್ಕೆ ಸುರಿದು ಫಿಲ್ಮಿಗೆ ಕೈ ಬಿಗಿಹಿಡಿಯುವುದು, ಜೋಡಿ ಎತ್ತು ಕೊಂಡು ಮೇವಿಗೆ ಹಣವಿಲ್ಲವೆಂದಂತೆ. ಕಪ್ಪು ಬಿಳುಪಿನ ಫಿಲ್ಮನ್ನು ಮನೆಯಲ್ಲಿಯೇ ಸಂಸ್ಕರಿಸಿಕೊಂಡರೆ ಖರ್ಚು ತಗ್ಗುತ್ತದೆ. ಆದರೆ ಪುಸ್ತಕಗಳಲ್ಲಿ ಹೇಳುವ 20 ಡಿಗ್ರಿಯ ನೀರು ಇಂಡಿ ಸಿಂದಗಿಗಳ ಬೇಸಗೆಯಲ್ಲಿ ನಲ್ಲಿಯಿಂದ ಬರುವುದಿಲ್ಲ. ಮಣ್ಣಿನ ಹರವಿಯಲ್ಲಿ ರಾತ್ರಿಯೆಲ್ಲ ಇಟ್ಟ ನೀರನ್ನು, ಬೇಕಾದರೆ ಮಂಜುಗಡ್ಡೆಯ ಸಹಾಯದಿಂದ, 24 ಡಿಗ್ರಿಗೆ ತಂದರೂ ಸಾಕು. 20 ಡಿಗ್ರಿಯಲ್ಲಿ 10 ನಿಮಿಷ ಬೇಕಾಗುವ ಕೆಲಸ ಅಲ್ಲಿ ಸುಮಾರು 7 ನಿಮಿಷಗಳಲ್ಲಿ ಮುಗಿಯುತ್ತದೆ. ಅವಧಿ 5 ನಿಮಿಷಕ್ಕಿಂತ ಕಡಮೆಯಾದರೆ ಚಿತ್ರ ಒಂದೇ ಸಮನಾಗಿ ಏಳುವುದಿಲ್ಲ. ಕೊಳವೆಬಾವಿಯ ಗಡುಸು ನೀರು ಫಿಲ್ಮಿನ ಮೇಲೆ ಬಿಳಿಯ ಕಲೆಗಳನ್ನು ಬಿಡುವುದರಿಂದ ಕೊನೆಯ ತೊಳೆತವನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಮಾಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸ್ವಂತ ಒಲವನ್ನು ಮುಚ್ಚಿಡುವುದು ಸರಿಯಲ್ಲ. ಈ ನಾಲ್ಕು ಸೀಮೆಗಳಲ್ಲಿ ಅಡ್ಡಾಡುವುದಾದರೆ ನಾನು ಕ್ಯಾನನ್ ಪಿ ಕ್ಯಾಮರಾವನ್ನು, ತಿರುಪಿನ 50 ಮಿಲಿಮೀಟರ್ ಮಸೂರದೊಡನೆ, ಆರಿಸಿಕೊಳ್ಳುತ್ತೇನೆ. ಉಕ್ಕಿನ ಪರದೆ ಬಿಸಿಲಿಗೆ ಅಂಜುವುದಿಲ್ಲ, ಬ್ಯಾಟರಿಯ ಹಂಗಿಲ್ಲ, ಅದೇ ತಿರುಪಿಗೆ ಹೊಂದುವ ಮಸೂರಗಳು ಹಲವು ದೇಶಗಳಲ್ಲಿ ತಯಾರಾಗಿವೆ, ಎಲ್ಲಕ್ಕಿಂತ ಮಿಗಿಲಾಗಿ, ಎರಡು ಕಣ್ಣುಗಳನ್ನೂ ತೆರೆದು ನೋಡುತ್ತಿರುವಾಗ ಎದುರಿನವರಿಗೆ ನಾವು ಅವರನ್ನೇ ನೋಡುತ್ತಿರುವಂತೆ ಭಾಸವಾಗುತ್ತದೆ. ಕನ್ನಡಕ ಧರಿಸುವ ನನ್ನ ಮಿತ್ರರಿಗೆ ಇದೇ ಕ್ಯಾಮರಾವನ್ನು ನಾನು ಹೇಳಲಾರೆ. ಶಕ್ತಿಯುಳ್ಳವರಿಗೆ ಲೈಕಾ ಎಂ2, ಮಿತವ್ಯಯಿಗಳಿಗೆ ಕ್ಯಾನೊನೆಟ್ ಎಂದು ಹೇಳುವೆನು. ಎಂ3ರ ನೋಟಕಿಂಡಿಗೆ ಸಮನಾದುದು ಇನ್ನೊಂದಿಲ್ಲವೆಂದು ಬಲ್ಲವರು ಹೇಳುವುದನ್ನು ನಾನು ಒಪ್ಪುತ್ತೇನೆ. ಆದರೆ ಅಷ್ಟು ಬೆಲೆಯ ವಸ್ತುವನ್ನು ಕೊರಳಿನಲ್ಲಿ ತೂಗಿಕೊಂಡವನು ಧೂಳಿಗೂ ನೂಕುನುಗ್ಗಲಿಗೂ ಹಿಂಜರಿಯುವುದನ್ನು ಕಂಡಿದ್ದೇನೆ. ಬಸವನಬಾಗೇವಾಡಿಯ ಶ್ರಾವಣದ ಜಾತ್ರೆಯ ಜನಸಂದಣಿಯಲ್ಲಿ ಹೊರಗೆ ತೆಗೆಯಲು ಧೈರ್ಯಬಾರದ ಕ್ಯಾಮರಾ ಎಷ್ಟೇ ಉತ್ತಮವಾಗಿದ್ದರೂ ನಮ್ಮದಲ್ಲ.

ಕೊನೆಯದಾಗಿ ಒಂದು ಮಾತು. “ತಮ್ಮಾ, ನಮ್ಮ ಫೋಟೋ ತೆಗಕೊಂಡು ಹೋದಾವರು ಭಾಳ ಮಂದಿ; ತಂದು ಕೊಟ್ಟಾವರು ಯಾರದಾರ?” ಎಂದು ಆ ಕಡೆಯ ಆಯಿಯೊಬ್ಬಳು ಕೇಳಿದರೆ ಅದಕ್ಕೆ ಯಾವ ಕಂಪನಿಯ ಹೆಸರೂ ಉತ್ತರವಾಗಲಾರದು. ತೆಗೆದ ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಊರು, ಹೆಸರು, ತೇದಿಗಳನ್ನು ಸೀಸದ ಕಡ್ಡಿಯಿಂದ ಬರೆದು, ಒಂದು ಪ್ರತಿಯನ್ನು ಅವರ ಮನೆಗೇ ತಲಪಿಸಬೇಕು. ಫಿಲ್ಮನ್ನು ತಂಪಾದ ಒಣಜಾಗದಲ್ಲಿ ಕಾಪಾಡಿಡಬೇಕು. ಈ ಕೆಲಸವನ್ನು ವರ್ಷಕ್ಕೆ ಎರಡು ಮೂರು ಬಾರಿಯಾದರೂ ಬೇಸರವಿಲ್ಲದೆ ಮಾಡಲು ಯಾವ ಕ್ಯಾಮರಾ ನಿಮ್ಮನ್ನು ಪ್ರೇರಿಸುವುದೋ ಅದನ್ನೇ ಕೊಳ್ಳಿರಿ. ಮಿಕ್ಕ ಗುಣದೋಷಗಳನ್ನು ಆಮೇಲೆ ಎಣಿಸಬಹುದು.